ಜರ್ಮನಿಯ ಮನೆಯೊಂದರಲ್ಲಿ ವಿದ್ಯಾರ್ಥಿ: ದಾಕ್ಷಿಣ್ಯ ಬಿಟ್ಟರೆ ಸುಖ

ರಾತ್ರಿಯ ಊಟದ ಮೇಜು. ಮನೆಯೊಡತಿ ಬ್ರೆಡ್ಡಿನ ಬುಟ್ಟಿಯನ್ನು ಮುಂದೆ ಹಿಡಿದು ಇನ್ನೊಂದು ಬೇಕೇ ಎಂದು ಕೇಳುತ್ತಾರೆ. ಹೊಟ್ಟೆಯಲ್ಲಿ ಹಸಿವಿದ್ದರೂ ಮೊನ್ನೆಯಷ್ಟೇ ಊರಿನಿಂದ ಬಂದ ನಮ್ಮ ಹುಡುಗ ಸಂಕೋಚದಿಂದ 'ಡಾಂಕೆ' ಎನ್ನುತ್ತಾನೆ. ಧನ್ಯವಾದ ಎಂದು ಹೇಳಿದರೆ ಬಡಿಸಿಯಾರು ಎಂಬ ನಿರೀಕ್ಷೆ ಅವನದು. ಆದರೆ ಬುಟ್ಟಿ ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಏಕೆಂದರೆ ಏನನ್ನಾದರೂ ನೀಡಲು ಬಂದಾಗ ಬರಿಯ 'ಡಾಂಕೆ' ಎಂದರೆ ಜರ್ಮನ್ನರ ಲೆಕ್ಕದಲ್ಲಿ 'ಸಾಕು, ಬೇಡ' ಎಂದೇ ಅರ್ಥ. ಬೇಕಿದ್ದರೆ 'ಯಾ, ಗೆರ್ನ್' ಎನ್ನಬೇಕು.

ನಮ್ಮಲ್ಲಿ ಮೊದಲ ಸಲ ಬೇಡವೆನ್ನುವುದು ಸೌಜನ್ಯ, ಮತ್ತೆ ಒತ್ತಾಯಿಸುವುದು ಬಡಿಸುವವರ ಧರ್ಮ. ಅಲ್ಲಿ ಬೇಡವೆಂದವರನ್ನು ಒತ್ತಾಯಿಸಿದರೆ ಅವರ ಮಾತನ್ನು ನಂಬಲಿಲ್ಲವೆಂದಾಗುತ್ತದೆ. ಜರ್ಮನಿಯಲ್ಲಿ ಓದುತ್ತ ಅಲ್ಲಿನ ಕುಟುಂಬವೊಂದರ ಮನೆಯಲ್ಲಿ ನೆಲೆಸುವ ವಿದ್ಯಾರ್ಥಿಗಳ ಅನೇಕ ತೊಂದರೆಗಳಿಗೆ ಈ ದಾಕ್ಷಿಣ್ಯವೇ ಮೂಲ. ಕೇಳಬೇಕಾದುದನ್ನು ಕೇಳದೆ, ಹೇಳಬೇಕಾದುದನ್ನು ಹೇಳದೆ ಕುಳಿತರೆ ಎರಡೂ ಕಡೆ ಬೇಸರ ಬೆಳೆಯುತ್ತದೆ.

ಮೂರು ಬಗೆಯ ವಾಸ

ಶಾಲಾ ವಿನಿಮಯ ಕಾರ್ಯಕ್ರಮದಲ್ಲಿ ಹೋಗುವ ಹದಿಹರೆಯದವರನ್ನು ಕುಟುಂಬಗಳು ಸಾಮಾನ್ಯವಾಗಿ ಹಣ ಪಡೆಯದೆ ಮನೆಯ ಮಗುವಿನಂತೆ ಇಟ್ಟುಕೊಳ್ಳುತ್ತವೆ. ಎಎಫ್‌ಎಸ್ ಸಂಸ್ಥೆಯ ವ್ಯವಸ್ಥೆ ಇಂಥದು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳದು ಬೇರೆ ಲೆಕ್ಕ. ಅವರು ಮನೆಯೊಳಗಿನ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿಯುತ್ತಾರೆ.

ಮೂರನೆಯದು 'ವೋನೆನ್ ಫ್ಯೂರ್ ಹಿಲ್ಫೆ', ಅಂದರೆ ನೆರವಿಗೆ ಪ್ರತಿಯಾಗಿ ವಾಸ. ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಹಿರಿಯರು ಅಥವಾ ಮಕ್ಕಳಿರುವ ಕುಟುಂಬಗಳು ವಿದ್ಯಾರ್ಥಿಗೆ ಕೋಣೆ ಕೊಡುತ್ತವೆ. ಕೋಣೆಯ ಪ್ರತಿ ಚದರ ಮೀಟರಿಗೆ ತಿಂಗಳಿಗೆ 1 ಗಂಟೆಯ ಕೆಲಸ ಎಂಬುದು ಸಾಮಾನ್ಯ ಸೂತ್ರ. 15 ಚದರ ಮೀಟರಿನ ಕೋಣೆಯಾದರೆ ತಿಂಗಳಿಗೆ 15 ಗಂಟೆ ತೋಟಗೆಲಸ, ಅಂಗಡಿ ಸಾಮಾನು ತರುವುದು ಇತ್ಯಾದಿ. ನೀರು, ವಿದ್ಯುತ್ತಿನ ವೆಚ್ಚ ಪ್ರತ್ಯೇಕ. ರೋಗಿಯ ಶುಶ್ರೂಷೆ ಈ ಒಪ್ಪಂದಕ್ಕೆ ಸೇರುವುದಿಲ್ಲ. ಮ್ಯೂನಿಕ್, ಕೊಲೋನ್, ಫ್ರೈಬುರ್ಗ್ ಮುಂತಾದ ನಗರಗಳಲ್ಲಿ ಈ ವ್ಯವಸ್ಥೆಯಿದೆ. ವೀಸಾಕ್ಕಾಗಿ ತೋರಿಸಬೇಕಾದ ಠೇವಣಿ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 11,904 ಯೂರೊಗೆ ಏರಿತು. ತಿಂಗಳಿಗೆ 992 ಯೂರೊ. ಅಷ್ಟರಲ್ಲಿ ಬದುಕಬೇಕಾದವರಿಗೆ ಇಂತಹ ಕೋಣೆ ದೊಡ್ಡ ಆಸರೆ.

ಮೊದಲ ಎರಡು ವಾರ

ಹೊಸ ಮನೆಗೆ ಬಂದ 2 ವಾರಗಳೊಳಗೆ ಊರಿನ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು ಕಡ್ಡಾಯ. 2015ರ ನವೆಂಬರ್ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ ಇದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ಮನೆಯವರು ತಾವಾಗಿಯೇ ಕೊಟ್ಟಾರು ಎಂದು ಕಾಯಬೇಡಿ, ಮೊದಲ ದಿನವೇ ಕೇಳಿ. ನೋಂದಣಿ ತಡವಾದರೆ ತೆರಿಗೆ ಸಂಖ್ಯೆ, ವಾಸದ ಪರವಾನಗಿ ಎಲ್ಲವೂ ತಡವಾಗುತ್ತವೆ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಅಂಟಿಸಲು ಅನುಮತಿ ಕೇಳುವುದನ್ನೂ ಮರೆಯಬೇಡಿ. ಅಲ್ಲಿ ಅಂಚೆಯವರು ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕಿನ ಪತ್ರವೂ ಬಂದ ದಾರಿಗೆ ಮರಳೀತು.

ಅಡುಗೆಮನೆಯ ಮಾತು

ಅನೇಕ ಮನೆಗಳಲ್ಲಿ ರಾತ್ರಿಯ ಊಟವೆಂದರೆ 'ಆಬೆಂಡ್‌ಬ್ರೋಟ್': ಬ್ರೆಡ್, ಬೆಣ್ಣೆ, ಚೀಸ್, ತೆಳುವಾಗಿ ಕತ್ತರಿಸಿದ ಮಾಂಸ. ಒಲೆಯೇ ಹೊತ್ತುವುದಿಲ್ಲ. ಬಿಸಿ ಅನ್ನ, ಸಾರು ಉಂಡು ಬೆಳೆದವರಿಗೆ ಇದು ಊಟವೆಂದೇ ಅನಿಸದು. ಅದನ್ನು ಅನಾದರವೆಂದು ತಿಳಿಯಬೇಡಿ. ಅವರು ಉಣ್ಣುವುದೂ ಅದನ್ನೇ.

ಸಸ್ಯಾಹಾರಿಗಳು 'ನಾನು ಸಸ್ಯಾಹಾರಿ' ಎಂದಷ್ಟೇ ಹೇಳಿದರೆ ಸಾಲದು. ಮಾಂಸ, ಮೀನು, ಮೊಟ್ಟೆ ಇವುಗಳಲ್ಲಿ ಯಾವುದು ಆಗದು ಎಂದು ಬಿಡಿಸಿ ಹೇಳಬೇಕು. ಆಲೂಗಡ್ಡೆಯ ಪಲ್ಯದಂತಹ ಖಾದ್ಯದಲ್ಲೂ ಹಂದಿಮಾಂಸದ ಚೂರುಗಳಿರಬಹುದು, ಮಕ್ಕಳ ಮಿಠಾಯಿಯಲ್ಲಿ ಪ್ರಾಣಿಜನ್ಯ ಜೆಲಟಿನ್ ಇರಬಹುದು. ಮೊದಲೇ ಹೇಳಿದರೆ ಮನೆಯವರಿಗೆ ಅನುಕೂಲ. ತಟ್ಟೆಗೆ ಬಡಿಸಿದ ಮೇಲೆ ಬದಿಗೆ ಸರಿಸಿದರೆ ಇಬ್ಬರಿಗೂ ಮುಜುಗರ.

ಇನ್ನು ಒಗ್ಗರಣೆ. ಇಂಗಿಗೆ ಜರ್ಮನ್ ಭಾಷೆಯಲ್ಲಿ 'ಟಾಯ್ಫೆಲ್ಸ್‌ಡ್ರೆಕ್', ಅಂದರೆ ದೆವ್ವದ ಮಲ ಎಂಬ ಹೆಸರಿದೆ! ಇಷ್ಟರ ಮೇಲೆ ಒಣಮೆಣಸಿನಕಾಯಿಯ ಘಾಟು ಮುಚ್ಚಿದ ಮನೆಯಲ್ಲಿ ಹರಡಿದರೆ ಏನಾದೀತೆಂದು ಊಹಿಸಬಹುದು. ಮನೆಗಳಲ್ಲಿ ಹೊಗೆ ಪತ್ತೆ ಮಾಡುವ ಸಾಧನ ಕಡ್ಡಾಯವಾಗಿರುವುದರಿಂದ ಅದು ಕೂಗಿಕೊಳ್ಳಲೂಬಹುದು. ಅಡುಗೆ ಮಾಡುವ ದಿನ, ಹೊತ್ತು ಯಾವುದೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ, ಕಿಟಕಿ ತೆರೆದಿಡಿ. ಒಂದು ದಿನ ಮನೆಯವರಿಗೂ ಉಪ್ಪಿಟ್ಟನ್ನೋ ಚಿತ್ರಾನ್ನವನ್ನೋ ಮಾಡಿ ಬಡಿಸಿ. ಘಾಟಿನ ದೂರು ಅರ್ಧಕ್ಕರ್ಧ ಅಂದೇ ಕಡಿಮೆಯಾದೀತು.

ಸದ್ದು, ನೀರು, ಗಾಳಿ

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಗೂ ಭಾನುವಾರವಿಡೀ ಮೌನದ ಹೊತ್ತು. ಊರಿನಲ್ಲಿ ಅಮ್ಮ ಬೆಳಗಿನ ಐದೂವರೆಗೆ ಎದ್ದು ಫೋನ್ ಮಾಡಿದರೆ ಅಲ್ಲಿ ಚಳಿಗಾಲದಲ್ಲಿ ರಾತ್ರಿ 1 ಗಂಟೆ, ಬೇಸಿಗೆಯಲ್ಲಿ 2 ಗಂಟೆ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ನಿಮ್ಮ ಮಾತೆಲ್ಲ ಕೇಳುತ್ತದೆ. ಅಲ್ಲಿಯ ಸಂಜೆ 4ಕ್ಕೆ ಇಲ್ಲಿ ರಾತ್ರಿ ಏಳೂವರೆ ಅಥವಾ ಎಂಟೂವರೆ. ಮಾತಿಗೆ ಆ ಹೊತ್ತೇ ಒಳ್ಳೆಯದು.

ಸ್ನಾನದ ಕೋಣೆಯ ನೆಲದಲ್ಲಿ ನೀರು ಹರಿದುಹೋಗುವ ತೂತು ಸಾಮಾನ್ಯವಾಗಿ ಇರುವುದಿಲ್ಲ. ಷವರಿನ ಆವರಣದಿಂದ ಹೊರಗೆ ನೀರು ಚೆಲ್ಲಿದರೆ ಕೆಳಗಿನ ಮನೆಯ ಚಾವಣಿಗೂ ಇಳಿದೀತು. ಚಳಿಗಾಲದಲ್ಲೂ ದಿನಕ್ಕೆ ಕೆಲವು ಸಲ ಐದಾರು ನಿಮಿಷ ಕಿಟಕಿಯನ್ನು ಪೂರ್ತಿ ತೆರೆಯುವುದು ಅಲ್ಲಿಯ ಪದ್ಧತಿ. ಇದು ಬರಿಯ ಗೀಳಲ್ಲ. ಬಿಗಿಯಾಗಿ ಮುಚ್ಚಿದ, ಬೆಚ್ಚಗಿನ ಕೋಣೆಯಲ್ಲಿ ಬಟ್ಟೆ ಒಣಗಿಸಿದರೆ ತೇವ ಗೋಡೆಗೆ ಹಿಡಿದು ಬೂಷ್ಟು ಬರುತ್ತದೆ, ಅದರ ಖರ್ಚು ಬಾಡಿಗೆದಾರನ ತಲೆಗೆ ಬರಬಹುದು. ಕಸವನ್ನೂ ಕಾಗದ, ಪ್ಯಾಕಿಂಗ್, ಅಡುಗೆ ತ್ಯಾಜ್ಯ, ಉಳಿದದ್ದು ಎಂದು ಬೇರ್ಪಡಿಸಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಅಂಗಡಿಗೆ ಮರಳಿಸಿದರೆ 25 ಸೆಂಟ್ ಕೈಗೆ ಬರುತ್ತದೆ.

ನೀವು, ನೀನು

ಜರ್ಮನ್ ಭಾಷೆಯಲ್ಲೂ ಕನ್ನಡದಂತೆಯೇ 'ನೀವು', 'ನೀನು' ಎಂಬ ಭೇದವಿದೆ: 'ಝೀ' ಮತ್ತು 'ಡು'. ಹಿರಿಯರನ್ನು 'ಝೀ' ಎಂದೇ ಮಾತನಾಡಿಸಿ. ಏಕವಚನಕ್ಕೆ ಆಹ್ವಾನಿಸುವ ಹಕ್ಕು ಹಿರಿಯರದು. 'ಆಂಟಿ', 'ಅಂಕಲ್' ಎಂಬ ಸಂಬೋಧನೆ ಅಲ್ಲಿ ನಡೆಯದು, ಕುಲನಾಮದ ಹಿಂದೆ 'ಫ್ರೌ' ಅಥವಾ 'ಹೆರ್' ಸೇರಿಸಿದರೆ ಸಾಕು. ಮುಚ್ಚಿದ ಬಾಗಿಲು ಕಂಡು ತಮ್ಮ ಮೇಲೆ ಮುನಿಸೆಂದು ಕೊರಗುವವರುಂಟು. ಅಲ್ಲಿ ಬಾಗಿಲು ಮುಚ್ಚಿಕೊಳ್ಳುವುದು ನಿತ್ಯದ ರೂಢಿ. ತಟ್ಟಿ, ಉತ್ತರ ಬಂದ ಮೇಲೆ ಒಳಗೆ ಹೋದರಾಯಿತು.

ಭಾಷೆ ಕಲಿಯಲು ಮನೆಗಿಂತ ಒಳ್ಳೆಯ ಶಾಲೆಯಿಲ್ಲ. 1853ರಲ್ಲಿ ಧಾರವಾಡಕ್ಕೆ ಬಂದ ಜರ್ಮನ್ ಯುವಕ ಕಿಟೆಲ್ ನಮ್ಮ ಜನರ ನಡುವೆ ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಿಂದ ಮಹಾ ನಿಘಂಟನ್ನೇ ಹೊರತಂದರು. ನಮ್ಮ ವಿದ್ಯಾರ್ಥಿಗಳು ನಿಘಂಟು ಬರೆಯಬೇಕಾಗಿಲ್ಲ. ದಿನಕ್ಕೆ ನಾಲ್ಕು ಪದ ಕೇಳಿ ಕಲಿತರೂ ಊಟದ ಮೇಜಿನ ಮೌನ ಮುರಿಯುತ್ತದೆ.

ಸರಿಹೋಗದಿದ್ದರೆ

ಎಲ್ಲ ಮನೆಯೂ ಎಲ್ಲರಿಗೂ ಒಗ್ಗುವುದಿಲ್ಲ. ವಿನಿಮಯ ವಿದ್ಯಾರ್ಥಿಗಳಿಗೆ ಸಂಸ್ಥೆಯ ಸ್ಥಳೀಯ ಸ್ವಯಂಸೇವಕರಿರುತ್ತಾರೆ. ಅಗತ್ಯಬಿದ್ದರೆ ಕುಟುಂಬವನ್ನು ಬದಲಿಸುವ ಅವಕಾಶವೂ ಇದೆ. ಬಾಡಿಗೆಗಿರುವವರು ಮಾತ್ರ ಒಪ್ಪಂದದ ನೋಟಿಸ್ ಅವಧಿಯನ್ನು ಎಚ್ಚರಿಕೆಯಿಂದ ಓದಬೇಕು. ಮಾಲೀಕರು ತಾವೇ ವಾಸಿಸುವ ಮನೆಯೊಳಗಿನ, ಪೀಠೋಪಕರಣಸಹಿತ ಕೋಣೆಯಾದರೆ ತಿಂಗಳ 15ರೊಳಗೆ ನೋಟಿಸ್ ಕೊಟ್ಟು ಅದೇ ತಿಂಗಳ ಕೊನೆಗೆ ಬಿಡಿಸಲು ಕಾನೂನು ಅವಕಾಶ ಕೊಡುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಎರಡು ವಾರದಲ್ಲಿ ಇನ್ನೊಂದು ಮನೆ ಹುಡುಕುವುದು ಸುಲಭವಲ್ಲ. ಆದ್ದರಿಂದ ಹೆಚ್ಚಿನ ಅವಧಿಯನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಜಾಣತನ.

ಮಕ್ಕಳನ್ನು ಕಳುಹಿಸುವ ತಂದೆತಾಯಿಯರು ಉಪ್ಪಿನಕಾಯಿ, ಚಟ್ನಿಪುಡಿಯ ಜತೆಗೆ ಮೂರು ಜರ್ಮನ್ ವಾಕ್ಯಗಳನ್ನೂ ಕಲಿಸಿ ಕಳುಹಿಸಲಿ. ಇದು ಹೇಗೆಂದು ತೋರಿಸುವಿರಾ? ಇದರಿಂದ ನಿಮಗೆ ತೊಂದರೆಯಾಗುತ್ತದೆಯೇ? ಹೌದು, ನನಗೆ ಇನ್ನೊಂದು ಬೇಕು. ಈ ಮೂರನ್ನು ನಾಚದೆ ಹೇಳಬಲ್ಲವರು ಹಸಿದು ಮಲಗುವ ಪ್ರಸಂಗ ಬಾರದು.