ಚಚ್ಚೌಕವೂ ಆಯತವೇ?

ಆಯತವೊಂದನ್ನು ಬರೆಯೆಂದಾಗ ಚಚ್ಚೌಕವನ್ನು ಬರೆದು ತೋರಿಸಿದ ವಿದ್ಯಾರ್ಥಿಯು ತಪ್ಪು ಮಾಡಿದನೇ? ತರಗತಿಯಲ್ಲಿ ನಾವು ಈ ಪ್ರಶ್ನೆಯನ್ನೆತ್ತಿದಾಗಲೆಲ್ಲ ಬಹುಮಂದಿ ತಪ್ಪೆಂದೇ ಹೇಳುತ್ತಾರೆ. ಅವರ ಪಕ್ಷದಲ್ಲಿ ಸಾಮಾನ್ಯನಲ್ಲದ ಸಾಕ್ಷಿಯೊಬ್ಬನಿದ್ದಾನೆ. ಕ್ರಿಸ್ತಪೂರ್ವ ಸುಮಾರು 300ರಲ್ಲಿ ಯೂಕ್ಲಿಡನು ತನ್ನ ರೇಖಾಗಣಿತ ಗ್ರಂಥದ ಆರಂಭದಲ್ಲಿಯೇ, ಕೋನಗಳೆಲ್ಲ ಲಂಬವಾಗಿದ್ದು ಭುಜಗಳೆಲ್ಲ ಸಮವಾಗಿಲ್ಲದ ಆಕೃತಿಯನ್ನು ಒಂದು ಜಾತಿಯೆಂದೂ ಚಚ್ಚೌಕವನ್ನು ಮತ್ತೊಂದು ಜಾತಿಯೆಂದೂ ವಿಂಗಡಿಸಿದನು. ಇಂದಿನ ಗಣಿತಜ್ಞರು ನಡುವಣ ಆ ಗೋಡೆಯನ್ನು ಕೆಡವಿದ್ದಾರೆ. ನಾಲ್ಕು ಕೋನಗಳೂ ಲಂಬವಾಗಿದ್ದರೆ ಅದು ಆಯತ. ಭುಜಗಳು ಸಮವಾಗಿರುವುದು ಅದಕ್ಕೆ ಅಡ್ಡಿಯಲ್ಲ.

ಹೀಗೇಕೆ? ವಾಚಕರು 10 ಸೆಂಟಿಮೀಟರ್ ಉದ್ದದ ನಾಲ್ಕು ರಟ್ಟಿನ ಪಟ್ಟಿಗಳನ್ನು ತುದಿಗಳಲ್ಲಿ ಗುಂಡುಸೂಜಿ ಚುಚ್ಚಿ ಜೋಡಿಸಲಿ. ಓರೆಯಾಗಿ ತಳ್ಳಿದರೆ ದೊರೆಯುವುದು ವಜ್ರಾಕೃತಿ. ಮೆಲ್ಲನೆ ನೆಟ್ಟಗೆ ಮಾಡುತ್ತ ಬಂದರೆ ಒಂದು ಕ್ಷಣದಲ್ಲಿ ಅದು ಚಚ್ಚೌಕವಾಗಿ, ಮುಂದೆ ಮತ್ತೊಂದು ಕಡೆಗೆ ವಾಲುತ್ತದೆ. ಆ ಒಂದು ಕ್ಷಣದ ಮಟ್ಟಿಗೆ ಮಾತ್ರ ಆಕೃತಿಗೆ ವಜ್ರಾಕೃತಿಗಳ ಕುಲದಿಂದ ಬಹಿಷ್ಕಾರವಾಗಿ, ಮರುಕ್ಷಣ ಮತ್ತೆ ಪ್ರವೇಶ ದೊರೆಯಿತೆನ್ನುವುದು ವಿಚಿತ್ರವಲ್ಲವೇ? ಭುಜಗಳು ಸಮವಾಗಿಯೇ ಉಳಿದಿವೆ. ಕರ್ಣಗಳು ಒಂದನ್ನೊಂದು ಲಂಬವಾಗಿಯೇ ಛೇದಿಸುತ್ತಿವೆ. ಬದಲಾಗುವುದು ಕ್ಷೇತ್ರಫಲ: ಚಚ್ಚೌಕವಾಗಿದ್ದಾಗ 100 ಚದರ ಸೆಂಟಿಮೀಟರ್, ಕೋನವು 30 ಡಿಗ್ರಿಗೆ ಇಳಿದಾಗ ಕೇವಲ 50. ಭುಜಗಳಷ್ಟರಿಂದಲೇ ಚತುರ್ಭುಜವು ನಿರ್ಧಾರವಾಗುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಕ್ಷೇತ್ರಫಲವನ್ನು ಕೇಳುವವನನ್ನು ಭಾಸ್ಕರಾಚಾರ್ಯನು 1150ರ 'ಲೀಲಾವತಿ'ಯಲ್ಲಿ ಪಿಶಾಚವೆಂದೇ ಜರೆದಿದ್ದಾನೆ. ಉತ್ತರ ಹೇಳಹೊರಟವನು ಅದಕ್ಕೂ ಮಿಗಿಲಂತೆ!

ಗೋಡೆಯನ್ನು ಕೆಡವಿದ್ದರಿಂದ ಶ್ರಮವೂ ಉಳಿಯುತ್ತದೆ. ಸಮಾಂತರ ಚತುರ್ಭುಜದ ಕರ್ಣಗಳು ಪರಸ್ಪರ ಅರ್ಧಿಸುತ್ತವೆಂದು ಒಮ್ಮೆ ಸಾಧಿಸಿದರೆ ಸಾಕು; ಆಯತ, ವಜ್ರಾಕೃತಿ, ಚಚ್ಚೌಕಗಳಿಗೆ ಬೇರೆ ಸಾಧನೆ ಬೇಕಿಲ್ಲ. ಅಂತಹ ಚತುರ್ಭುಜದ ಕರ್ಣಗಳು ಸಮವಾದರೆ ಆಯತ, ಲಂಬವಾದರೆ ವಜ್ರಾಕೃತಿ. ಎರಡು ಗುಣಗಳೂ ಕೂಡಿದ್ದು ಚಚ್ಚೌಕ. ಅದು ಎರಡು ಮನೆಗಳಿಗೂ ಸೇರಿದ ಕೂಸು. (ತ್ರಾಪಿಜ್ಯದ ವಿಷಯದಲ್ಲಿ ಮಾತ್ರ ಪಠ್ಯಪುಸ್ತಕಗಳಿಗೆ ಇಂದಿಗೂ ಒಮ್ಮತವಿಲ್ಲ. ಸಮಾಂತರ ಭುಜಗಳು ಒಂದೇ ಜೋಡಿಯಿರಬೇಕೆಂದು ಕೆಲವು, ಒಂದಾದರೂ ಇದ್ದರೆ ಸಾಕೆಂದು ಕೆಲವು ಹೇಳುತ್ತವೆ. ನಮಗೆ ಎರಡನೆಯದೇ ಸರಿಯೆನಿಸುತ್ತದೆ.)

ಬಾಗಿಲ ಚೌಕಟ್ಟನ್ನು ಜೋಡಿಸುವ ಬಡಗಿಯು ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡು ಕರ್ಣಗಳನ್ನೂ ಅಳೆಯುವುದು ಈ ಗುಣದ ಬಲದಿಂದಲೇ. ಆದರೆ ಎದುರುಬದುರು ಮರಗಳು ಸಮವೆಂದು ಅವನು ಮೊದಲೇ ನೋಡಿಕೊಂಡಿರುತ್ತಾನೆ. ಅದನ್ನು ಬಿಟ್ಟು ಕರ್ಣಗಳನ್ನಷ್ಟೇ ನಂಬಿದರೆ, ಮೇಲೆ ಕಿರಿದಾಗಿ ಕೆಳಗೆ ಅಗಲವಾದ ಸಮದ್ವಿಬಾಹು ತ್ರಾಪಿಜ್ಯವೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾದೀತು. ಬಾಗಿಲು ಮಾತ್ರ ಮುಚ್ಚಲಾರದು.