ವಿಂಬಲ್ಡನ್ನಿನ ಇನ್ನೊಂದು ಅಂಗಳ

ವಿಂಬಲ್ಡನ್ ಎಂದೊಡನೆ ನಮ್ಮವರ ಕಣ್ಣಮುಂದೆ ನಿಲ್ಲುವುದು ಹಸಿರು ಹುಲ್ಲುಹಾಸು, ಬಿಳಿಯ ಉಡುಪು, ಟೆನಿಸ್ ಪಂದ್ಯ. ಆದರೆ ಲಂಡನ್ ನಗರದ ಆ ಬಡಾವಣೆಗೆ ಇನ್ನೊಂದು ಅಂಗಳವೂ ಉಂಟು. ಅದು ಕಾಲ್ಚೆಂಡಿನ ಅಂಗಳ; ಹೆಸರು ಪ್ಲೌ ಲೇನ್. ಕನ್ನಡದಲ್ಲಿ ಹೇಳುವುದಾದರೆ, ನೇಗಿಲ ಓಣಿ. ಆ ಊರಿನ ಸಾಮಾನ್ಯ ಜನರು ಅದನ್ನು ಒಮ್ಮೆ ಕಳೆದುಕೊಂಡರು; ಇಪ್ಪತ್ತೊಂಬತ್ತು ವರ್ಷಗಳ ತರುವಾಯ ತಮ್ಮದೇ ಹಣದಿಂದ ಮರಳಿ ಪಡೆದರು.

ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು 1889ರಲ್ಲಿ ಈ ತಂಡವನ್ನು ಕಟ್ಟಿದರು. 1912ರಲ್ಲಿ ವ್ಯಾಂಡಲ್ ನದಿಯ ಸಮೀಪದ ಜೌಗುನೆಲವನ್ನು ಹದಗೊಳಿಸಿ ಆಟದ ಬಯಲು ಮಾಡಿಕೊಂಡರು. ಆಟಗಾರರೆಲ್ಲ ಹವ್ಯಾಸಿಗಳು. ಆದರೂ ಜನರ ಅಭಿಮಾನಕ್ಕೆ ಕೊರತೆಯಿರಲಿಲ್ಲ. 1935ರಲ್ಲಿ ನಡೆದ ಹವ್ಯಾಸಿಗಳ ಕಪ್ ಪಂದ್ಯವೊಂದಕ್ಕೆ ಆ ಪುಟ್ಟ ಅಂಗಳದಲ್ಲಿ 18,080 ಪ್ರೇಕ್ಷಕರು ನೆರೆದಿದ್ದರು. 1963ರಲ್ಲಿ ತಂಡ ಅದೇ ಕಪ್ಪನ್ನು ಗೆದ್ದಿತು. ಅಂತಿಮ ಪಂದ್ಯದ ನಾಲ್ಕು ಗೋಲುಗಳನ್ನೂ ಎಡ್ಡಿ ರೆನಾಲ್ಡ್ಸ್ ತಲೆಯಿಂದಲೇ ಹೊಡೆದುದು ಊರಿನವರ ನೆನಪಿನಲ್ಲಿ ಉಳಿದ ಸಂಗತಿ.

1977ರಲ್ಲಿ ಫುಟ್‌ಬಾಲ್ ಲೀಗಿಗೆ ಪ್ರವೇಶ ದೊರೆಯಿತು. ಒಂಬತ್ತೇ ವರ್ಷಗಳಲ್ಲಿ ತಂಡ ಇಂಗ್ಲೆಂಡಿನ ಅತ್ಯುನ್ನತ ಶ್ರೇಣಿಗೆ ಏರಿತು. 1988ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಎದುರಾಳಿ ಬಲಾಢ್ಯ ಲಿವರ್‌ಪೂಲ್. ಲಾರಿ ಸ್ಯಾಂಚೆಜ್ ಹೊಡೆದ ಒಂದು ಗೋಲು, ಡೇವ್ ಬೆಸೆಂಟ್ ತಡೆದ ಒಂದು ಪೆನಾಲ್ಟಿ. ಇವೆರಡರ ಬಲದಿಂದ ವಿಂಬಲ್ಡನ್ 1-0ರಿಂದ ಗೆದ್ದಿತು.

ಉತ್ಕರ್ಷದ ಬೆನ್ನಿಗೇ ಕಷ್ಟಕಾಲ ಬಂದಿತು. 1989ರಲ್ಲಿ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲು 97 ಜನರನ್ನು ಬಲಿತೆಗೆದುಕೊಂಡಿತು. ಆ ದುರಂತದ ವಿಚಾರಣೆಯ ಫಲವಾಗಿ, ಮೇಲಿನ ಶ್ರೇಣಿಯ ತಂಡಗಳ ಅಂಗಳಗಳಲ್ಲಿ ಪ್ರೇಕ್ಷಕರೆಲ್ಲರಿಗೂ ಆಸನವಿರಬೇಕೆಂಬ ನಿಯಮ ಬಂದಿತು. ಜನರು ಮೆಟ್ಟಿಲುಗಳ ಮೇಲೆ ನಿಂತು ಆಟ ನೋಡುತ್ತಿದ್ದ ಹಳೆಯ ಪ್ಲೌ ಲೇನ್ ಆ ನಿಯಮಕ್ಕೆ ಒಗ್ಗಲಿಲ್ಲ. 1991ರಲ್ಲಿ ತಂಡ ಬೇರೊಬ್ಬರ ಅಂಗಳವಾದ ಸೆಲ್‌ಹರ್ಸ್ಟ್ ಪಾರ್ಕಿಗೆ ಬಾಡಿಗೆದಾರನಂತೆ ಹೋಯಿತು. ಕೆಲವೇ ದಿನಗಳ ಏರ್ಪಾಡು ಎಂದುಕೊಂಡಿದ್ದುದು ಹತ್ತು ವರ್ಷ ದಾಟಿತು. ಹಳೆಯ ನೆಲವನ್ನು 1998ರಲ್ಲಿ ಸೂಪರ್‌ಮಾರ್ಕೆಟ್ ಸಂಸ್ಥೆಯೊಂದಕ್ಕೆ ಮಾರಲಾಯಿತು. 2002ರಲ್ಲಿ ಕಟ್ಟಡಗಳು ನೆಲಸಮವಾದವು.

ಅದೇ ವರ್ಷ ಮೇ 28ರಂದು ಇನ್ನೂ ದೊಡ್ಡ ಆಘಾತ ಒದಗಿತು. ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ನಗರಕ್ಕೆ ತಂಡವನ್ನೇ ಸಾಗಿಸಲು ಮಾಲೀಕರಿಗೆ ಅನುಮತಿ ಸಿಕ್ಕಿತು. ಅಭಿಮಾನಿಗಳು ವಿಂಬಲ್ಡನ್ನಿನಲ್ಲಿ ಹೊಸ ತಂಡ ಕಟ್ಟಿಕೊಳ್ಳುವುದು ಕಾಲ್ಚೆಂಡಿನ ವಿಶಾಲ ಹಿತಕ್ಕೆ ಒಪ್ಪುವುದಿಲ್ಲವೆಂದೂ ಆ ತೀರ್ಮಾನ ಕೊಟ್ಟ ಮಂಡಲಿ ಹೇಳಿತು. ಜನರು ಆ ಮಾತಿಗೆ ಕಿವಿಗೊಡಲಿಲ್ಲ. ಎರಡೇ ದಿನಗಳಲ್ಲಿ ಎ.ಎಫ್.ಸಿ. ವಿಂಬಲ್ಡನ್ ಹುಟ್ಟಿತು. ಆಟಗಾರರನ್ನು ಆರಿಸಲು ಊರ ಬಯಲಿನಲ್ಲೇ ಪರೀಕ್ಷೆ ನಡೆಯಿತು. ಇನ್ನೂರಕ್ಕೂ ಹೆಚ್ಚು ಯುವಕರು ಬಂದರು.

ಲೀಗಿನ ಸೋಪಾನದಲ್ಲಿ ಬಹು ಕೆಳಗಿನ ಮೆಟ್ಟಿಲಿನಿಂದ ಮೊದಲು ಮಾಡಬೇಕಾಯಿತು. ನೆರೆಯೂರಾದ ಕಿಂಗ್ಸ್‌ಟನ್ನಿನ ಅಂಗಳವೇ ಆಶ್ರಯವಾಯಿತು. 2003ರಿಂದ 2004ರವರೆಗೆ ತಂಡ ಸತತವಾಗಿ 78 ಲೀಗ್ ಪಂದ್ಯಗಳಲ್ಲಿ ಸೋಲನ್ನೇ ಕಾಣಲಿಲ್ಲ. ಒಂಬತ್ತು ವರ್ಷಗಳಲ್ಲಿ ಐದು ಬಾರಿ ಬಡ್ತಿ ಪಡೆದು 2011ರಲ್ಲಿ ಫುಟ್‌ಬಾಲ್ ಲೀಗನ್ನು ಸೇರಿತು.

ಆದರೆ ಗೆಲುವಿನಿಂದ ಮನೆಯ ಹಂಬಲ ತಣಿಯಲಿಲ್ಲ. ಹಳೆಯ ನೆಲದಲ್ಲಿ ಆಗಲೇ ವಸತಿಗೃಹಗಳು ಎದ್ದಿದ್ದವು. ಅದರ ಕೂಗಳತೆಯಲ್ಲಿ ನಾಯಿಗಳ ಓಟದ ಮೈದಾನವೊಂದು ತೆರವಾಗಿತ್ತು. ಅಲ್ಲಿ ಹೊಸ ಕ್ರೀಡಾಂಗಣ ಮೇಲೇಳತೊಡಗಿತು. ಹಣ ಸಾಲದೆ ಬಂದಾಗ ಹೊರಗಿನವರಿಗೆ ಪಾಲು ಮಾರುವ ಮಾತೂ ಎದ್ದಿತು. ಅಭಿಮಾನಿಗಳು ಸಾಲಪತ್ರಗಳ ಯೋಜನೆಯೊಂದನ್ನು ಹೂಡಿ, 2020ರಲ್ಲಿ 50 ಲಕ್ಷ ಪೌಂಡಿಗೂ ಹೆಚ್ಚಿನ ಮೊತ್ತವನ್ನು ಕೂಡಿಸಿದರು.

2020ರ ನವೆಂಬರ್ 3ರಂದು ಹೊಸ ಪ್ಲೌ ಲೇನಿನಲ್ಲಿ ಮೊದಲ ಪಂದ್ಯ ನಡೆಯಿತು. ಡಾನ್‌ಕಾಸ್ಟರ್ ವಿರುದ್ಧದ ಆ ಆಟ 2-2ರಲ್ಲಿ ಸಮವಾಯಿತು. ವಿಧಿಯ ವಿನೋದವೆಂದರೆ, ಕೋವಿಡ್ ನಿರ್ಬಂಧದಿಂದಾಗಿ ಅಂಗಳ ಕಟ್ಟಿದವರಿಗೇ ಅಂದು ಒಳಗೆ ಪ್ರವೇಶವಿರಲಿಲ್ಲ. ಒಂಬತ್ತು ಸಾವಿರಕ್ಕೂ ಅಧಿಕ ಆಸನಗಳು ಖಾಲಿಯಾಗಿದ್ದವು.

ಆ ಹಳೆಯ ಜೌಗಿನ ನೆನಪನ್ನು ನದಿ ಇನ್ನೂ ಮರೆತಿಲ್ಲ. 2024ರ ಸೆಪ್ಟೆಂಬರಿನಲ್ಲಿ ವ್ಯಾಂಡಲ್ ಉಕ್ಕಿ ಹರಿದು, ಅಂಗಳದ ಒಂದು ಭಾಗ ಕುಸಿದು ಹಳ್ಳವಾಯಿತು. ನ್ಯೂಕ್ಯಾಸಲ್ ವಿರುದ್ಧದ ಕಪ್ ಪಂದ್ಯವನ್ನು ಎದುರಾಳಿಯ ಊರಿನಲ್ಲೇ ಆಡಬೇಕಾಯಿತು. ಮತ್ತೆ ಧನಸಹಾಯ ಹರಿದು ಬಂದಿತು. ನೆಲ ಮತ್ತೆ ಸಮವಾಯಿತು. ಆ ಋತುವಿನ ಕೊನೆಗೆ, 2025ರಲ್ಲಿ, ತಂಡ ಇನ್ನೊಂದು ಶ್ರೇಣಿ ಮೇಲೇರಿತು.

ಹಳೆಯ ನೆಲದಲ್ಲಿ ಈಗ ಸಂಸಾರಗಳು ವಾಸವಾಗಿವೆ. ಆ ವಸತಿ ಸಮುಚ್ಚಯಕ್ಕೆ ಇಟ್ಟಿರುವ ಹೆಸರು ರೆನಾಲ್ಡ್ಸ್ ಗೇಟ್: ತಲೆಯಿಂದ ನಾಲ್ಕು ಗೋಲು ಹೊಡೆದ ಆ ಹವ್ಯಾಸಿಯ ಹೆಸರು. ತಂಡವೆಂಬುದು ಕಾಗದಪತ್ರದ ಆಸ್ತಿಯಾದರೆ ಅದನ್ನು ಗಾಡಿಗೇರಿಸಿ ಒಯ್ಯಬಹುದು. ಒಂದು ಊರು ಶತಮಾನದ ಕಾಲ ಒಟ್ಟಾಗಿ ನಿಂತು ಕೂಗಿದ ಜಾಗವನ್ನು ಮಾತ್ರ ಯಾರೂ ಹಾಗೆ ಒಯ್ಯಲಾರರು.