ವಾಸಿಯಾಗದ ಹುಣ್ಣು, ಬಿಳಿಚಿದ ಮಚ್ಚೆ: ಲೀಶ್ಮೇನಿಯಾ ಚರ್ಮರೋಗದ ಬಗ್ಗೆ ಬೆಳೆಗಾರರಿಗೆ ಕೆಲವು ಮಾತು



ಮೈಸೂರಿನ ಅಗ್ರಹಾರದಲ್ಲಿ ನಾವು ವಾಸವಾಗಿರುವುದರಿಂದ, ಆಸ್ಪತ್ರೆಗೆಂದು ಪೇಟೆಗೆ ಬರುವ ಸದಸ್ಯರು ನಮ್ಮಲ್ಲಿಗೂ ಬಂದು ಒಂದು ಲೋಟ ಕಾಫಿ ಕುಡಿದು ಹೋಗುವುದುಂಟು. ಕಳೆದ ಕೊಯ್ಲಿನ ಹೊತ್ತಿನಲ್ಲಿ ಹಾಗೆ ಬಂದ ಸದಸ್ಯರೊಬ್ಬರು ಒಂದು ಪ್ರಶ್ನೆ ಹಾಕಿದರು. ಅವರ ಲೈನಿನಲ್ಲಿರುವ ಜಾರ್ಖಂಡದ ಹುಡುಗನ ಮುಖ, ಎದೆಯ ಮೇಲೆ ಬಿಳಿಚಿದ ಮಚ್ಚೆಗಳೆದ್ದಿವೆ. ಉಳಿದ ಕೆಲಸಗಾರರು ಅದನ್ನು ಕುಷ್ಠವೆಂದು ಹೆದರಿ ಅವನೊಡನೆ ಊಟಕ್ಕೆ ಕೂರುತ್ತಿಲ್ಲ. ಊರಿಗೆ ಕಳಿಸಿಬಿಡುವುದು ಮೇಲಲ್ಲವೇ ಎಂದು. ಕಳಿಸಬೇಡಿ, ಮೊದಲು ಚರ್ಮರೋಗದ ವೈದ್ಯರಿಗೆ ತೋರಿಸಿ ಎಂದೆವು. ಹಾಗೆಂದುದಕ್ಕೆ ಕಾರಣವನ್ನು ಎಲ್ಲ ಸದಸ್ಯರೂ ತಿಳಿದಿರುವುದು ಒಳ್ಳೆಯದೆಂದು ಈ ಲೇಖನ.

ಬಿಹಾರ, ಜಾರ್ಖಂಡ, ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶದ ಪೂರ್ವ ಭಾಗಗಳಲ್ಲಿ ಕಾಲಾ ಅಜಾರ್ ಎಂಬ ಜ್ವರ ಬಹುಕಾಲದಿಂದ ಇದೆ. ತಿಂಗಳುಗಟ್ಟಲೆ ಜ್ವರ, ಊದಿದ ಗುಲ್ಮ, ರಕ್ತಹೀನತೆ ಅದರ ಲಕ್ಷಣ. ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು 1903ರಲ್ಲಿ ಲೀಶ್ಮನ್ ಎಂಬ ಸೇನಾವೈದ್ಯರೂ, ಮದರಾಸಿನಲ್ಲಿದ್ದ ಡೊನೊವನ್ ಎಂಬ ವೈದ್ಯರೂ ಬೇರೆಬೇರೆಯಾಗಿ ಪ್ರಕಟಿಸಿದರು. ಅದಕ್ಕೆ ಇಬ್ಬರ ಹೆಸರೂ ಸೇರಿ ಲೀಶ್ಮೇನಿಯಾ ಡೊನೊವನಿ ಎಂದಾಯಿತು. ಜ್ವರ ವಾಸಿಯಾದ ಮೇಲೂ ಕೆಲವರಲ್ಲಿ ಈ ಜೀವಿ ಚರ್ಮದಲ್ಲಿ ಉಳಿದು, ಆರು ತಿಂಗಳಿಗೋ ಎರಡು ಮೂರು ವರ್ಷಕ್ಕೋ ಮಚ್ಚೆಯಾಗಿ ಹೊರಬೀಳುತ್ತದೆ. ಮುಂದೆ ಬಾಯಿಯ ಸುತ್ತ, ಗಲ್ಲದ ಮೇಲೆ ಗಂಟುಗಳಾಗುವುದೂ ಉಂಟು. ಕೆಲವರಿಗೆ ಹಿಂದೆ ಜ್ವರ ಬಂದಿದ್ದ ನೆನಪೇ ಇರುವುದಿಲ್ಲ.

ನಮ್ಮ ಲೈನುಗಳಲ್ಲಿ ಈಗ ಆ ಕಡೆಯ ಜನ ಎಷ್ಟಿದ್ದಾರೆಂಬುದನ್ನು ಸದಸ್ಯರು ಬಲ್ಲರು. ಅವರಿಲ್ಲದೆ ನಮ್ಮ ಹಣ್ಣು ಗಿಡದಲ್ಲೇ ಒಣಗೀತು. ಮಚ್ಚೆಯಿರುವ ವ್ಯಕ್ತಿಗೆ ನೋವಿಲ್ಲ, ಜ್ವರವಿಲ್ಲ, ಕೆಲಸಕ್ಕೂ ಅಡ್ಡಿಯಿಲ್ಲ. ಆದ್ದರಿಂದ ಅವನಾಗಿ ವೈದ್ಯರ ಬಳಿಗೆ ಹೋಗುವುದಿಲ್ಲ. ಈ ರೋಗ ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಒಂದೇ ಕಂಬಳಿ ಹೊದ್ದರೆ ಹರಡುವುದಲ್ಲ. ಹರಡಲು ನಡುವೆ ಮರಳುನೊಣ ಬೇಕು. ಎರಡು ಮೂರು ಮಿಲಿಮೀಟರಿನ, ಸೊಳ್ಳೆಗಿಂತ ಬಹಳ ಚಿಕ್ಕದಾದ ಈ ಕೀಟ ಸದ್ದಿಲ್ಲದೆ ಕುಪ್ಪಳಿಸಿ ಹಾರಿ ರಾತ್ರಿ ಕಚ್ಚುತ್ತದೆ. ನಿಂತ ನೀರಿನಲ್ಲಿ ಇದರ ಮರಿಯಾಗುವುದಿಲ್ಲ. ಕೊಟ್ಟಿಗೆಯ ಒದ್ದೆ ಮಣ್ಣು, ಸಗಣಿ, ಗೋಡೆಯ ಬಿರುಕು ಇದರ ಮನೆ. ನೆಲ ಒಣಗಿಸಿ, ಬಿರುಕುಗಳಿಗೆ ಗಾರೆ ಮೆತ್ತಿ, ಔಷಧಿ ಹಾಕಿದ ಸೊಳ್ಳೆಪರದೆ ಕೊಟ್ಟರೆ ಅರ್ಧ ಕೆಲಸವಾದಂತೆ. ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನೊಳಗೆ ಇದು ನುಸುಳಿಬಿಡುತ್ತದೆ.

ಇನ್ನು ಹುಣ್ಣಿನ ರೂಪ. ಇದು ರಾಜಸ್ಥಾನದ ಬಿಕಾನೇರಿನ ಕಡೆ ಹಳೆಯದು, ಹಿಮಾಚಲದ ಸಟ್ಲೆಜ್ ಕಣಿವೆಯಲ್ಲೂ ಇದೆ. ನಮಗೆ ಹತ್ತಿರದ ಸಂಗತಿಯೆಂದರೆ, ನಮ್ಮದೇ ಪಶ್ಚಿಮ ಘಟ್ಟದ ದಕ್ಷಿಣ ತುದಿಯಲ್ಲಿ, ತಿರುವನಂತಪುರ ಜಿಲ್ಲೆಯ ಅಗಸ್ತ್ಯಮಲೆಯ ಕಾಡಿನಲ್ಲಿ ವಾಸಿಸುವ ಕಾಣಿ ಜನರಲ್ಲಿ ಇದು ಕಂಡುಬಂದಿರುವುದು. ಅವರಲ್ಲಿ ಅನೇಕರು ಎಂದೂ ಹೊರಗಿನ ರೋಗಪ್ರದೇಶಗಳಿಗೆ ಹೋದವರಲ್ಲ. ಪರೀಕ್ಷಿಸಿದಾಗ ಸಿಕ್ಕಿದ್ದು ಅದೇ ಡೊನೊವನಿ ಜೀವಿ. ಉತ್ತರದಲ್ಲಿ ಜ್ವರ ತರುವುದು ಇಲ್ಲಿ ಚರ್ಮದಲ್ಲೇ ನಿಂತಿದೆ. ಘಟ್ಟದ ಕಾಡಂಚಿನಲ್ಲಿ ಬದುಕುವ ನಾವು ಮಂಗನ ಕಾಯಿಲೆಯನ್ನು 1957ರಿಂದ ನೋಡಿದ್ದೇವೆ. ಅದು ಉಣ್ಣೆಯಿಂದ ಬರುವ ಜ್ವರ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಾಡಿನಂಚಿನವರು ಎಚ್ಚರವಾಗಿರಬೇಕೆಂಬುದು ಎರಡಕ್ಕೂ ಒಂದೇ.

ಕಚ್ಚಿದ ಕೆಲವು ವಾರ ಅಥವಾ ತಿಂಗಳಿನ ಮೇಲೆ ಮುಖ, ಕೈ, ಕಾಲಿನಂಥ ತೆರೆದ ಜಾಗದಲ್ಲಿ ಕೆಂಪು ಗುಳ್ಳೆ ಏಳುತ್ತದೆ. ನಿಧಾನವಾಗಿ ದೊಡ್ಡದಾಗಿ ನಡುವೆ ಒಡೆದು, ಅಂಚು ಉಬ್ಬಿದ ಹುಣ್ಣಾಗಿ ಮೇಲೆ ಹಕ್ಕಳೆ ಕಟ್ಟುತ್ತದೆ. ಸಾಮಾನ್ಯವಾಗಿ ನೋವಿಲ್ಲ. ಸಾಧಾರಣ ಗಾಯದ ಮುಲಾಮಿಗೆ, ಮಾತ್ರೆಗೆ ಬಗ್ಗುವುದಿಲ್ಲ. ಇಂಥ ಹುಣ್ಣಿಗೆ ಮೈಲುತುತ್ತ ಹಚ್ಚುವವರನ್ನೂ, ಹೊಗೆಸೊಪ್ಪು ಅರೆದು ಕಟ್ಟುವವರನ್ನೂ ನಾವು ಕಂಡಿದ್ದೇವೆ. ಮೈಲುತುತ್ತ ಬೋರ್ಡೋ ದ್ರಾವಣಕ್ಕಿರಲಿ, ಮನುಷ್ಯನ ಚರ್ಮಕ್ಕೆ ಬೇಡ. ಅದರಿಂದ ಹುಣ್ಣು ಸುಟ್ಟು, ವೈದ್ಯರಿಗೆ ಗುರುತು ಹಿಡಿಯುವುದೂ ಕಷ್ಟವಾಗುತ್ತದೆ.

ಗುರುತು ಹಿಡಿಯುವುದೇ ಇಲ್ಲಿ ಮುಖ್ಯ. ಚರ್ಮದ ಕ್ಷಯ, ಕುಷ್ಠ, ಮುಳ್ಳು ಚುಚ್ಚಿದಲ್ಲಿ ಆಗುವ ಶಿಲೀಂಧ್ರದ ಹುಣ್ಣು ಎಲ್ಲವೂ ಕಣ್ಣಿಗೆ ಹೀಗೆಯೇ ಕಾಣಬಹುದು. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ, ಕಾಲಾ ಅಜಾರ್ ನಂತರದ ಮಚ್ಚೆಯಲ್ಲಿ ಕುಂದಿರುವುದಿಲ್ಲ. ಹುಣ್ಣಾದರೆ ವೈದ್ಯರು ಉಬ್ಬಿದ ಅಂಚನ್ನು ರಕ್ತ ಬಾರದಂತೆ ಬೆರಳಲ್ಲಿ ಹಿಂಡಿ ಹಿಡಿದು, ಬ್ಲೇಡಿನಿಂದ ಸಣ್ಣಗೆ ಸೀಳಿ ಕೆರೆದು, ಗಾಜಿನ ಮೇಲೆ ಸವರಿ, ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹುಣ್ಣು ಹೊಸದಾದಷ್ಟೂ ಜೀವಿಗಳು ಹೆಚ್ಚು ಸಿಗುತ್ತವೆ. ಹಳೆಯದಾದರೆ ಚರ್ಮದ ಚೂರು ತೆಗೆದು ನೋಡಬೇಕು, ಪಿ.ಸಿ.ಆರ್. ಪರೀಕ್ಷೆಯೂ ಬೇಕಾಗಬಹುದು. ಕಾಲಾ ಅಜಾರಿಗೆ ಬಳಸುವ, ಬೆರಳ ತುದಿಯ ರಕ್ತದ ಪಟ್ಟಿ ಪರೀಕ್ಷೆಯನ್ನು ಹುಣ್ಣಿಗೆ ನೆಚ್ಚುವಂತಿಲ್ಲ. ಮಚ್ಚೆಯವರಲ್ಲಿ ಅದು ನೆರವಾಗುತ್ತದೆ. ಆದರೆ ಹಿಂದೆ ಜ್ವರ ಬಂದವರಲ್ಲಿ ವರ್ಷಗಟ್ಟಲೆ ಹಾಗೆಯೇ ಉಳಿದಿರುವುದೂ ಉಂಟು. ಆದ್ದರಿಂದ ಕೆಲಸಗಾರನ ಊರು, ಹಿಂದೆ ಬಂದ ಜ್ವರ, ಆಗ ಪಡೆದ ಚಿಕಿತ್ಸೆ ಇವಿಷ್ಟನ್ನೂ ವೈದ್ಯರಿಗೆ ತಿಳಿಸುವುದು ಪರೀಕ್ಷೆಯಷ್ಟೇ ಅಗತ್ಯ. ಭಾಷೆ ಬಾರದವನನ್ನು ಒಬ್ಬನನ್ನೇ ಬಸ್ಸು ಹತ್ತಿಸಿ ಕಳಿಸಿದರೆ ಇದಾಗುವುದಿಲ್ಲ. ಹಿಂದಿ ಬಲ್ಲ ಮೇಸ್ತ್ರಿಯನ್ನು ಜೊತೆಗೆ ಕಳಿಸಿ.

ಮೂಗು, ಬಾಯಿಯ ಒಳಪೊರೆಗೆ ತಗಲುವ ರೂಪ ನಮ್ಮ ದೇಶದಲ್ಲಿ ವಿರಳ. ಅದು ಹೆಚ್ಚಾಗಿ ಬ್ರೆಜಿಲ್, ಪೆರು, ಬೊಲಿವಿಯಾ ದೇಶಗಳದು. ಅಲ್ಲಿ ಚರ್ಮದ ಹುಣ್ಣು ಮಾಯ್ದು ವರ್ಷಗಳಾದ ಮೇಲೆ ಮೂಗು ಕಟ್ಟಿ, ರಕ್ತ ಸೋರಿ, ಕೊನೆಗೆ ಮೂಗಿನ ನಡುಗೋಡೆಯೇ ತೂತಾಗುತ್ತದೆ. ತಿಂಗಳಾದರೂ ಬಿಡದ ಮೂಗಿನ ಹಕ್ಕಳೆ, ರಕ್ತಸ್ರಾವ ಇದ್ದರೆ ನಮ್ಮಲ್ಲೂ ಕಿವಿ ಮೂಗು ಗಂಟಲಿನ ತಜ್ಞರಿಗೆ ತೋರಿಸಲೇಬೇಕು.

ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ಒಂದೆರಡು ಸಣ್ಣ ಹುಣ್ಣಾದರೆ ಆಂಟಿಮನಿ ಔಷಧವಾದ ಸೋಡಿಯಂ ಸ್ಟಿಬೊಗ್ಲುಕೊನೇಟನ್ನು ಹುಣ್ಣಿನ ಅಂಚಿಗೇ ಹಲವು ಸಲ ಚುಚ್ಚುತ್ತಾರೆ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ಹದವಾದ ಶಾಖ ಕೊಡುವುದು ಇತರ ವಿಧಾನಗಳು. ಕೆಲವು ಹುಣ್ಣು ತಿಂಗಳುಗಳ ಮೇಲೆ ತಾವಾಗಿಯೇ ಕಲೆಯುಳಿಸಿ ಮಾಯುವುದುಂಟು, ಕಾದು ನೋಡುವುದೋ ಬೇಡವೋ ವೈದ್ಯರ ತೀರ್ಮಾನ. ಹುಣ್ಣು ಬಹಳವಿದ್ದರೆ, ಒಳಪೊರೆಗೆ ತಗಲಿದ್ದರೆ ಇಡೀ ದೇಹಕ್ಕೆ ಔಷಧ ಬೇಕು. ರಕ್ತನಾಳಕ್ಕೆ ಕೊಡುವ ಆಂಫೊಟೆರಿಸಿನ್‌ಗೆ ಮೂತ್ರಪಿಂಡದ ಮೇಲೆ, ಆಂಟಿಮನಿಗೆ ಹೃದಯದ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ. ಬಾಯಲ್ಲಿ ನುಂಗುವ ಔಷಧ ಮಿಲ್ಟೆಫೊಸಿನ್. ಮಚ್ಚೆಯವರಿಗೆ ಇದನ್ನು 12 ವಾರ ಕೊಡುವ ಪದ್ಧತಿಯಿದೆ. ಊಟದೊಡನೆ ತೆಗೆದುಕೊಳ್ಳಬೇಕು, ಗರ್ಭಿಣಿಯರಿಗೆ ಕೂಡದು, ಕಣ್ಣು ಕೆಂಪಾಗಿ ನೋವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಈ 12 ವಾರವೇ ನಮ್ಮ ಕೈಯಲ್ಲಿರುವ ಭಾಗ. ಮಚ್ಚೆ ಮಸುಕಾಗುವ ಮುನ್ನವೇ ಕೊಯ್ಲು ಮುಗಿದು ಕೆಲಸಗಾರ ಬೇರೆ ತೋಟಕ್ಕೆ ನಡೆದುಬಿಟ್ಟರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಅವನ ಚೀಟಿಯ ಒಂದು ಪ್ರತಿಯನ್ನು ರೈಟರ ಬಳಿ ಇಟ್ಟುಕೊಂಡು, ಹೋಗುವ ಊರಿನ ಆಸ್ಪತ್ರೆಗೆ ತೋರಿಸಲು ಮೂಲವನ್ನು ಅವನ ಕೈಗೇ ಕೊಡಿ. ಔಷಧ ಎಲ್ಲ ಅಂಗಡಿಯಲ್ಲೂ ಸಿಗುವಂಥದಲ್ಲ. ರೋಗ ಖಚಿತವಾದರೆ ಜಿಲ್ಲೆಯ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗಳಿಗೆ ಆಸ್ಪತ್ರೆಯ ಮೂಲಕ ತಿಳಿಸಬೇಕು.

ಮೈಸೂರಿಗೆ ಬರುವವರಿಗೆ ಕೆ.ಆರ್. ಆಸ್ಪತ್ರೆಯಲ್ಲೂ, ಅಗ್ರಹಾರದ ಬಳಿ ಮಹಾತ್ಮ ಗಾಂಧಿ ರಸ್ತೆಯ ಜೆ.ಎಸ್.ಎಸ್. ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗಗಳಿವೆ. ಹೊರರೋಗಿ ಚೀಟಿಗೆ ಬೆಳಿಗ್ಗೆಯೇ ಬರುವುದು ಲೇಸು. ಬರುವ ದಿನ ಹುಣ್ಣಿಗೆ ಯಾವ ಮುಲಾಮನ್ನೂ ಹಚ್ಚದೆ ಬನ್ನಿ, ಹಳೆಯ ಚೀಟಿಗಳಿದ್ದರೆ ಎಲ್ಲವನ್ನೂ ತನ್ನಿ.